ನಲವತ್ತೆಂಟು ತೋಳುಗಳಲ್ಲಿ ಒಂದು ಬಿಳಿ ಗೆರೆ

ಮೂವತ್ತನಾಲ್ಕಕ್ಕೇ ನಿವೃತ್ತನಾದವನ ಅನುಭವ ಓದಲು ಕೂತಿದ್ದೀರಿ. ನಿಮ್ಮ ಧೈರ್ಯ ದೊಡ್ಡದು. ನನಗೆ ಕೂದಲು ನರೆತಿಲ್ಲ, ಮಂಡಿನೋವಿಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ. ಆದರೆ ನಾನು ಒಂಬತ್ತು ವರ್ಷ ಕೂತಿದ್ದ ಮೇಜನ್ನು ಕಳೆದ ತಿಂಗಳು ಬಿಚ್ಚಿ ಸಾಗಿಸಿದರು. ಚಿತ್ರ ನೋಡಿ ಪಾಸು, ಫೇಲು ಅನ್ನುವುದು ಇನ್ನು ಸಾಫ್ಟ್‌ವೇರ್ ಕೆಲಸ. ಕೇಕು ಕತ್ತರಿಸಿದರು. ನಾನು ಎಲ್ಲರ ಧ್ವನಿಯಲ್ಲೂ ಒಂದೊಂದು ಮಾತಿನಂತೆ ಬೀಳ್ಕೊಡುಗೆ ಭಾಷಣ ಮಾಡಿದೆ. ಕೆಲವರು ನಕ್ಕರು, ಕೆಲವರು ತಮ್ಮದು ಬಂದಾಗ ಮಾತ್ರ ನಗಲಿಲ್ಲ.

ಆ ಸಾಫ್ಟ್‌ವೇರನ್ನು ಕಾಯಲು ಹೊಸಬರಿಬ್ಬರು ಬಂದಿದ್ದಾರೆ. ಒಬ್ಬ ಬೆಂಗಳೂರಿನವನು, ಒಬ್ಬಳು ಮಂಗಳೂರಿನವಳು. ಅವರಿಗೆ ದಪ್ಪನೆಯ ಕೈಪಿಡಿ ಕೊಟ್ಟಿದ್ದಾರೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆದುಕೊಡುತ್ತಿದ್ದೇನೆ. ಇಲ್ಲಿ ಬರುವ ಡಚ್ಚರು ಮಾತಾಡಿದ್ದು ಡಚ್ಚಿನಲ್ಲಿ. ನಾನು ಕನ್ನಡದಲ್ಲಿ ಆಡಿಸುತ್ತೇನೆ. ಮಿಮಿಕ್ರಿ ಮಾಡುವವನಿಗೆ ಇಷ್ಟು ಸಲಿಗೆ ಇರಬೇಕು.

ನಮ್ಮ ಕಾರ್ಖಾನೆ ಇರುವುದು ಡಚ್ಚರ ನಾಡಿನ ನೂರ್ಡ್‌ವೈಕ್‌ನಿಂದ ಸೈಕಲ್ ದೂರದಲ್ಲಿ. ನೂರ್ಡ್‌ವೈಕ್ ಅಂದರೆ ಬಾಹ್ಯಾಕಾಶದ ಊರು ಎಂದು ಯಾರೋ ಹೇಳಿಬಿಟ್ಟದ್ದರಿಂದ ಮೈಸೂರಿನ ನಮ್ಮ ಬೀದಿಯವರೆಲ್ಲ ನಾನು ರಾಕೆಟ್ ಮಾಡುತ್ತೇನೆ ಎಂದು ನಂಬಿದ್ದರು. ನಾನು ತಿದ್ದಲಿಲ್ಲ. ನಿಜಕ್ಕೂ ಮಾಡುತ್ತಿದ್ದುದು ಇಷ್ಟು: ಹಾಸಿಗೆ ಹಿಡಿದವರನ್ನು ಎತ್ತಿ ಕುರ್ಚಿಗೆ ಕೂರಿಸುವ ಲಿಫ್ಟುಗಳಿಗೆ ಉಕ್ಕಿನ ತೋಳು ಬೇಕಲ್ಲ, ಆ ತೋಳಿನ ಮೈಮೇಲೆ ಬಿರುಕಿದೆಯೇ ಎಂದು ನೋಡುವುದು. ಲಿಫ್ಟು ಎಂದರೆ ಮಹಡಿ ಹತ್ತುವುದಲ್ಲ, ಸಣ್ಣ ಕ್ರೇನು. ಅದರ ತೋಳಿನ ತುದಿಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಯಾರದೋ ಅಜ್ಜಿ.

ನೋಡುವುದು ಹೀಗೆ. ತೋಳನ್ನು ತಾಮ್ರದ ಸುರುಳಿಯ ನಡುವೆ ಇಟ್ಟು ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಕೊಡುತ್ತೇವೆ. ಉಕ್ಕು ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ. ಕೈಗೆ ಗೊತ್ತಾಗದ ಆ ಬಿಸಿ ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಬಿರುಕು ಇದ್ದರೆ ಕರೆಂಟು ಅದನ್ನು ಸುತ್ತಿಹಾಕಿ ಹೋಗಬೇಕು. ಸುತ್ತುವ ಕಡೆ ನೂಕುನುಗ್ಗಲು, ನುಗ್ಗಲಾದ ಕಡೆ ಬಿಸಿ ಹೆಚ್ಚು. ಬೂದುಬಣ್ಣದ ಚಿತ್ರದಲ್ಲಿ ಅದು ಬಿಳಿ ಗೆರೆಯಾಗಿ ಮಿಂಚಿ ಮಾಯವಾಗುತ್ತದೆ. ಅಷ್ಟೇ. ಈ ಅಷ್ಟೇ ಎನ್ನುವುದಕ್ಕೆ ಒಂಬತ್ತು ವರ್ಷ ಬೇಕಾಯಿತು.

ಮೊದಲ ವಾರದ ಪ್ರತಾಪ ಮೊದಲು ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ಕೇಳುವುದಕ್ಕಿಂತ ವಾಸಿ. ಯಾರೋ ಪರೀಕ್ಷೆಗೆಂದು ಪಾಲಿಶ್ ಮಾಡಿದ ಉಕ್ಕಿನ ಫಲಕ ಕೊಟ್ಟರು. ಕ್ಯಾಮೆರಾದಲ್ಲಿ ನೋಡಿದರೆ ನಡುಮಧ್ಯೆ ದೊಡ್ಡ ಬೆಚ್ಚನೆಯ ಕಲೆ. ಉದ್ದ, ಅಗಲ ಅಳೆದು ‘ಗಂಭೀರ ದೋಷ’ ಎಂದು ಒಂದು ಪುಟ ವರದಿ ಬರೆದು ವಿಮ್ ಅವರ ಮುಂದಿಟ್ಟೆ. ವಿಮ್ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ತಪಾಸಣೆಗಾರರು, ಅರವತ್ತು ದಾಟಿದವರು, ಮೂಗು ತೂರಿಸದೆ ಏನನ್ನೂ ನಂಬದವರು. ಬಂದು ನೋಡಿದರು.

“ಒಂದು ಹೆಜ್ಜೆ ಎಡಕ್ಕೆ ಹೋಗು.”

ಹೋದೆ. ದೋಷವೂ ಎಡಕ್ಕೆ ಹೋಯಿತು.

“ಕೈ ಎತ್ತು.”

ದೋಷ ಕೈ ಎತ್ತಿತು.

“ಗಂಭೀರವಾದದ್ದೇ,” ಎಂದು ವಿಮ್ ವರದಿಯ ಮೇಲೆ ನನ್ನ ಹೆಸರು ಬರೆದು ಗೋಡೆಗೆ ಅಂಟಿಸಿದರು. ಹೊಳೆಯುವ ಲೋಹ ಶಾಖಕ್ಕೂ ಕನ್ನಡಿ ಎನ್ನುವ ಪಾಠ ನನಗೆ ಆದದ್ದು ಹೀಗೆ. ಆ ವರದಿ ಮೂರು ವರ್ಷ ಗೋಡೆಯ ಮೇಲಿತ್ತು.

ವಿಮ್ ಅವರದು ಹಳೆಯ ವಿದ್ಯೆ. ನಮ್ಮ ಕ್ಯಾಮೆರಾ ಬರುವ ಮೊದಲು ಅವರು ಕರಿಪರದೆಯ ಗೂಡಿನೊಳಗೆ ಕೂತು ಪ್ರತಿ ತೋಳಿಗೂ ಅಯಸ್ಕಾಂತ ಹಿಡಿದು, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಎರಚಿ, ನೇರಳೆ ದೀಪದಡಿ ನೋಡುತ್ತಿದ್ದರು. ಬಿರುಕಿನ ಬಾಯಿಗೆ ಪುಡಿ ಕೂಡಿಕೊಂಡು ಹಸಿರು ಗೆರೆ ಮೂಡುತ್ತಿತ್ತು. ಕ್ಯಾಮೆರಾ ಬಂದ ದಿನ ಅವರು ಅಂದದ್ದು, “ನನ್ನ ಗೂಡನ್ನು ಒಡೆಯಬೇಡಿ, ಸೈಕಲ್ ನಿಲ್ಲಿಸೋಕೆ ಬೇಕಾಗುತ್ತೆ.” ಆದರೂ ಕ್ಯಾಮೆರಾವನ್ನು ನಮಗಿಂತ ಬೇಗ ಕಲಿತರು.

ನಾನು ವಿಮ್ ಅವರನ್ನು ಕಲಿತೆ. ಆ ಗಂಟಲು ಕೆರೆಯುವ ದನಿ, ಕನ್ನಡಕದ ಮೇಲಿಂದ ನೋಡುವ ನೋಟ, ಪ್ರತಿ ವಾಕ್ಯದ ಕೊನೆಗೆ ಬಿಡುವ ನಿಟ್ಟುಸಿರು. ಅವರದೊಂದು ಪ್ರಸಿದ್ಧ ಮಾತಿತ್ತು: “ವೌಲ್, ಯೊಂಗೆ, ವೌಲ್.” ಕೊಳೆ, ಹುಡುಗಾ, ಕೊಳೆ ಅಂತ. ಉಕ್ಕನ್ನು ಕಾಯಿಸಿ ಬಡಿದಾಗ ಮೈಮೇಲೆ ಒಂದು ಸಿಪ್ಪೆ ಕೂರುತ್ತದೆ. ಕ್ಯಾಮೆರಾದಲ್ಲಿ ಅದೂ ಬಿಳಿ ಗೆರೆಯ ಹಾಗೇ ಕಂಡು ಹೊಸಬರನ್ನು ಬೆದರಿಸುತ್ತದೆ. ನಾವು ಹೌಹಾರಿ ಕರೆದಾಗ ವಿಮ್ ಬಂದು ಈ ಮಾತು ಹೇಳುತ್ತಿದ್ದರು. ನಾನು ಅದನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ, ಫೋನಿನಲ್ಲಿ ಅವರ ಹೆಂಡತಿಯೇ ಒಮ್ಮೆ ಮೋಸಹೋಗಿದ್ದರು.

ನನಗೆ ಎರಡು ವರ್ಷ ತುಂಬಿದ ಹೊತ್ತಿಗೆ ಬಂದ ನಲವತ್ತೆಂಟು ತೋಳುಗಳ ಕಥೆ ಈಗ. ಅವತ್ತು ವಿಮ್ ಬೇರೆ ಶೆಡ್ಡಿನಲ್ಲಿದ್ದರು. ಟ್ರಕ್ಕು ನಾಲ್ಕಕ್ಕೆ ಹೊರಡಬೇಕು, ನನ್ನ ಸುತ್ತ ಪ್ಯಾಕಿಂಗ್‌ನವರು ಕಾಯುತ್ತಾ ನಿಂತಿದ್ದರು. ಪ್ರೇಕ್ಷಕರಿದ್ದರೆ ನನಗೆ ಸುಮ್ಮನಿರಲು ಬರುವುದಿಲ್ಲ. ಒಂದು ತೋಳಿನ ಕೊಕ್ಕೆಯ ಬಳಿ ಬಿಳಿ ಗೆರೆ ಮಿಂಚಿತು. ನಾನು ಕನ್ನಡಕವಿಲ್ಲದ ಮೂಗಿನ ಮೇಲೆ ಕನ್ನಡಕ ಜಾರಿಸಿ, ಗಂಟಲು ಕೆರೆದು, “ವೌಲ್, ಯೊಂಗೆ, ವೌಲ್!” ಎಂದೆ. ನಗುವೋ ನಗು. ನಗುವಿನ ನಡುವೆಯೇ ಹಸಿರು ಗುಂಡಿ ಒತ್ತಿದೆ. ತೋಳು ಪಾಸಾಯಿತು, ಟ್ರಕ್ಕು ಹೊರಟಿತು.

ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬ್ರೆಡ್ಡಿನ ಚೂರುಗಳ ಮುಂದೆ ಕೂತಿದ್ದೆ. ರಾಘು ಬಂದ. ಉಡುಪಿಯವನು, ನಮ್ಮ ಮೆಷಿನ್ನಿನ ಪ್ರೋಗ್ರಾಂ ನೋಡಿಕೊಳ್ಳುವವನು.

“ಮಾರಾಯಾ, ನಿನ್ನೆ ಎಂತದ್ದೋ ಭಾರೀ ಮಾಡಿದೆಯಂತಲ್ಲ, ನಾನಿರ್ಲಿಲ್ಲ. ಒಂದ್ಸಲ ಮಾಡು ನೋಡುವಾ.”

ಮಾಡಿದೆ. ಕನ್ನಡಕ, ಗಂಟಲು, ವೌಲ್, ನಿಟ್ಟುಸಿರು. ರಾಘು ನಕ್ಕ. ಆಮೇಲೆ ಅವನೇ ಕೈಯಲ್ಲಿ ಏನೋ ಉಜ್ಜುವ ಹಾಗೆ ಮಾಡಿ, “ಇದನ್ನು ಬಿಟ್ಟೆಯಲ್ಲ,” ಎಂದ.

“ಯಾವುದನ್ನ?”

“ಬ್ರಶ್ಶು. ವಿಮ್ ಹಾಗೆ ಹೇಳುವಾಗ ಬ್ರಶ್ ತಗೊಂಡು ಉಜ್ಜುತ್ತಾರಲ್ಲ, ಮತ್ತೆ ಇನ್ನೊಂದ್ಸಲ ಬಿಸಿ ಮಾಡಿ ನೋಡ್ತಾರೆ.”

ಬಾಯಲ್ಲಿದ್ದ ಬ್ರೆಡ್ಡು ಬಾಯಲ್ಲೇ ಉಳಿಯಿತು. ವಿಮ್ ಆ ಮಾತನ್ನು ಯಾವತ್ತೂ ತೀರ್ಪಾಗಿ ಹೇಳಿದವರಲ್ಲ. ಹೇಳುತ್ತಲೇ ಎಡಗೈ ತಂತಿ ಬ್ರಶ್ಶಿಗೆ ಹೋಗುತ್ತಿತ್ತು. ಉಜ್ಜಿ ಮತ್ತೆ ನೋಡುತ್ತಿದ್ದರು. ಸಿಪ್ಪೆಯಾದರೆ ಗೆರೆ ಹೋಗುತ್ತದೆ, ಬಿರುಕಾದರೆ ಉಳಿಯುತ್ತದೆ. ಎರಡು ವರ್ಷ ನಾನು ಅವರ ಬಾಯಿ ನೋಡಿದ್ದೆ, ಕೈ ನೋಡಿರಲಿಲ್ಲ. ನಿನ್ನೆ ಉಜ್ಜಿರಲೂ ಇಲ್ಲ.

“ಚಿತ್ರ ಸೇವ್ ಆಗಿರುತ್ತಾ?”

“ಫೇಲ್ ಆದದ್ದು ಮಾತ್ರ ಇಡ್ತದೆ. ಪಾಸ್ ಆದದ್ದು ಮುಂದಿನ ತೋಳು ಬಂದ ಕೂಡ್ಲೇ ಹೋಯ್ತು.” ರಾಘು ನನ್ನ ಮುಖ ನೋಡಿದ. ನಗು ನಿಂತಿತು. “ಎಷ್ಟನೇ ತೋಳು?”

“ಗೊತ್ತಿಲ್ಲ.”

“ಸಿಪ್ಪೆಯೇ ಇರ್ಬಹುದು. ಹತ್ತರಲ್ಲಿ ಒಂಬತ್ತು ಸಲ ಸಿಪ್ಪೆಯೇ ಅಲ್ವಾ? ಶುಕ್ರವಾರ ನಿನ್ನ ಕಾಂಟ್ರ್ಯಾಕ್ಟ್ ಮಾತು ಉಂಟು. ಅದಾಗದಿದ್ರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗ್ತದೆ. ಸ್ವಲ್ಪ ಯೋಚನೆ ಮಾಡು.”

ಯೋಚನೆ ಮಾಡಿದೆ. ಸುಳ್ಳು ಯಾಕೆ, ಪೂರಾ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಯೋಚನೆ ಮಾಡಿದೆ. ಆಮೇಲೆ ಮಾರ್ಲೀನ್ ಅವರ ಕೋಣೆಗೆ ಹೋದೆ. ಅವರು ನಮ್ಮ ವಿಭಾಗದ ಮುಖ್ಯಸ್ಥೆ. ಏರುದನಿಯಲ್ಲಿ ಮಾತಾಡಿದ್ದು ಯಾರಿಗೂ ನೆನಪಿಲ್ಲ, ಹಾಗಾಗಿ ಅವರನ್ನು ಅನುಕರಿಸುವುದು ಕಷ್ಟ.

“ನಿನ್ನೆಯ ನಲವತ್ತೆಂಟರಲ್ಲಿ ಒಂದು ತೋಳನ್ನ ಸರಿಯಾಗಿ ನೋಡದೆ ಪಾಸ್ ಮಾಡಿದೀನಿ. ಬಿರುಕು ಇರಬಹುದು.”

“ಎಷ್ಟು ಖಾತ್ರಿ?”

“ಖಾತ್ರಿ ಇಲ್ಲ.”

“ಬಿರುಕು ಇದೆ ಅನ್ನೋದು ಖಾತ್ರಿ ಇಲ್ಲವೋ, ಇಲ್ಲ ಅನ್ನೋದು ಖಾತ್ರಿ ಇಲ್ಲವೋ?”

“ಎರಡೂ.”

ಅವರು ಬೈಯಲಿಲ್ಲ. ಫೋನೆತ್ತಿದರು. ತೋಳುಗಳು ಹೋದದ್ದು ದ ಹೇಗ್‌ನಲ್ಲಿ ಲಿಫ್ಟು ಜೋಡಿಸುವವರ ಶೆಡ್ಡಿಗೆ. ಮಾರ್ಲೀನ್ ಕೇಳಿದರು, ಬರೆದುಕೊಂಡರು, ಇಟ್ಟರು.

“ನಲವತ್ತೇಳು ಅವರ ಕಪಾಟಿನಲ್ಲಿದೆ, ತಡೆದು ಇಡ್ತಾರೆ. ಒಂದನ್ನ ಬೆಳಿಗ್ಗೆ ಒಂದು ವೃದ್ಧಾಶ್ರಮದ ಲಿಫ್ಟಿಗೆ ಜೋಡಿಸಿ ಬಂದಿದಾರೆ. ಅಲ್ಲಿನ ಹಳೇ ತೋಳು ಸವೆದಿತ್ತಂತೆ.” ಚೀಟಿ ನನ್ನ ಕಡೆ ತಳ್ಳಿದರು, ವಿಳಾಸ ಮತ್ತು ಫೋನ್ ನಂಬರು. “ಕಪಾಟಿನದು ಕಾಯುತ್ತೆ, ಇದು ಕಾಯಲ್ಲ. ವಿಮ್ ಜೊತೆ ವ್ಯಾನ್ ತಗೊಂಡು ಹೋಗು. ದಾರಿಯಲ್ಲೇ ಫೋನ್ ಮಾಡು.”

ನಮ್ಮ ಕ್ಯಾಮೆರಾ, ಸುರುಳಿ ಎಲ್ಲ ನೆಲಕ್ಕೆ ಬೋಲ್ಟು ಹಾಕಿದವು, ವ್ಯಾನಿಗೆ ಬರುವುದಿಲ್ಲ. ವಿಮ್ ಏನೂ ಕೇಳದೆ ತಮ್ಮ ಕರಿಗೂಡಿಗೆ ಹೋಗಿ ಒಂದು ಹಳೆಯ ಪೆಟ್ಟಿಗೆ ಹೊತ್ತು ತಂದರು. ಕೈ ಅಯಸ್ಕಾಂತ, ಎರಚುವ ಡಬ್ಬಿ, ನೇರಳೆ ಟಾರ್ಚು, ತಂತಿ ಬ್ರಶ್ಶು.

ವ್ಯಾನು ಹೊರಟಾಗ ಒಂದೂಮುಕ್ಕಾಲು. ಫೋನು ಹಚ್ಚಿದೆ. ಯಂತ್ರದ ಹೆಣ್ಣುದನಿ: ನೀವು ಸಾಲಿನಲ್ಲಿ ಐದನೆಯವರು. ಹಿಂದೆ ಸಂಗೀತ. ಸ್ಪೀಕರ್ ಹಾಕಿ ತೊಡೆಯ ಮೇಲಿಟ್ಟೆ.

“ಈಗ ಹೇಳು,” ಎಂದರು ವಿಮ್.

ಹೇಳಿದೆ, ಅವರ ದನಿಯಲ್ಲಿ ಪಾಸು ಮಾಡಿದ್ದನ್ನೂ ಸೇರಿಸಿ. ನೀವು ಸಾಲಿನಲ್ಲಿ ನಾಲ್ಕನೆಯವರು.

“ಮಾಡಿ ತೋರಿಸು.”

“ಈಗಲಾ?”

“ಈಗ.”

ಜೀವಮಾನದಲ್ಲಿ ಅಷ್ಟು ಕೆಟ್ಟ ಪ್ರದರ್ಶನ ಕೊಟ್ಟಿಲ್ಲ. ಹೇಗೋ ವೌಲ್ ಅಂದು ಮುಗಿಸಿದೆ. ವಿಮ್ ರಸ್ತೆಯಿಂದ ಕಣ್ಣು ತೆಗೆಯದೆ, “ದನಿ ಸರಿಯಾಗಿದೆ. ಕೈ ಎಲ್ಲಿ?” ಎಂದರು.

ಊರು ಹತ್ತಿರ ಬರುವಾಗ ಮುಂದೆ ಕೆಂಪು ದೀಪ, ಗಂಟೆಯ ಸದ್ದು. ಕಾಲುವೆಯ ಸೇತುವೆ ಎದ್ದು ನಿಂತಿತು. ಎತ್ತರದ ಕಂಬದ ಒಂದು ದೋಣಿ, ಅದರಲ್ಲಿ ಟೋಪಿ ಹಾಕಿದ ಒಬ್ಬ ಮನುಷ್ಯ, ಎಲ್ಲಿಗೂ ಹೋಗುವ ಆತುರವಿಲ್ಲದವನು. ವಿಮ್ ಎಂಜಿನ್ ಆಫ್ ಮಾಡಿದರು. ನಮ್ಮ ಹಿಂದೆ ಕಾರುಗಳು ಸಾಲುಗಟ್ಟಿದವು. ನಾನು ಬಾಗಿಲು ತೆರೆದು ಕಾಲಿಟ್ಟೆ.

“ಎಲ್ಲಿಗೆ? ಈಜಿಕೊಂಡು ಹೋಗ್ತೀಯಾ? ಕೂತ್ಕೋ.”

ಕೂತೆ. ನೀವು ಸಾಲಿನಲ್ಲಿ ಎರಡನೆಯವರು. ದೋಣಿಯವನು ನಮಗೆ ಕೈ ಬೀಸಿದ. ಸೇತುವೆ ಇಳಿದು ಕೂರುವ ಮೊದಲೇ ಫೋನಿನಲ್ಲಿ ಮನುಷ್ಯದನಿ ಬಂತು. ಸ್ವಾಗತದ ಮೇಜಿನ ಹೆಂಗಸು.

“ಬೆಳಿಗ್ಗೆ ಒಂದು ಲಿಫ್ಟಿಗೆ ಹೊಸ ತೋಳು ಹಾಕಿದಾರೆ, ದಯವಿಟ್ಟು ಅದನ್ನ ಬಳಸಬೇಡಿ ಅಂತ ಹೇಳಿ,” ಎಂದೆ ಒಂದೇ ಉಸಿರಿಗೆ.

“ಎರಡನೇ ಮಹಡಿಯ ಅಜ್ಜಿ, ಮೆವ್ರೌ ಕೋರಿ ಅವರದ್ದು. ಇವತ್ತು ಅವರ ಹುಟ್ಟುಹಬ್ಬ, ತೊಂಬತ್ತು. ಎರಡೂವರೆಗೆ ಹಾಲ್‌ಗೆ ಕರಕೊಂಡು ಬರ್ತಾರೆ, ಎಲ್ಲ ಕಾಯ್ತಾ ಇದಾರೆ. ಮಹಡಿಯ ಫೋನ್ ಯಾರೂ ಎತ್ತಲ್ಲ ಈಗ, ನಾನೊಬ್ಬಳೇ ಇರೋದು... ಪ್ರಯತ್ನ ಮಾಡ್ತೀನಿ.”

ಎರಡೂವರೆಗೆ ಹನ್ನೊಂದು ನಿಮಿಷವಿತ್ತು. ವಿಮ್ ಟ್ರ್ಯಾಮಿನ ಹಳಿ ದಾಟುವಾಗ ಹಾರ್ನ್ ಒತ್ತಿದರು. ಡಚ್ಚರು ಹಾರ್ನ್ ಒತ್ತುವುದು ಎಷ್ಟು ಅಪರೂಪ ಎಂದು ಇಲ್ಲಿರುವವರಿಗೆ ಗೊತ್ತು.

ವೃದ್ಧಾಶ್ರಮದ ಮುಂದೆ ವ್ಯಾನು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಸ್ವಾಗತದ ಮೇಜು ಖಾಲಿ. ಹಾಲಿನಲ್ಲಿ ಬಣ್ಣದ ಕಾಗದದ ಮಾಲೆ, ದುಂಡಗೆ ಜೋಡಿಸಿದ ಕುರ್ಚಿಗಳು, ಕೂತ ನೆಂಟರು. ಇಲ್ಲಿ ಹುಟ್ಟುಹಬ್ಬ ಒಬ್ಬರದಾದರೂ ಅಭಿನಂದನೆ ಎಲ್ಲರಿಗೂ ಸಲ್ಲಬೇಕು. ಓಡುತ್ತಿದ್ದ ನನ್ನನ್ನು ನೋಡಿ ಒಬ್ಬರು ಕೈ ಚಾಚಿ “ಅಭಿನಂದನೆ!” ಅಂದರು. ನಾನೂ “ಅಭಿನಂದನೆ!” ಅನ್ನುತ್ತಾ ಮೆಟ್ಟಿಲು ಹತ್ತಿದೆ.

ಎರಡನೇ ಮಹಡಿ. ತೆರೆದಿದ್ದ ಬಾಗಿಲು. ಹಾಸಿಗೆಯ ಪಕ್ಕದಲ್ಲಿ ನರ್ಸು, ಕೈಯಲ್ಲಿ ರಿಮೋಟು. ಜೋಲಿಯ ಪಟ್ಟಿಗಳು ಬಿಗಿದಿದ್ದವು. ಜೋಲಿಯೊಳಗೆ ನೀಲಿ ಉಡುಪಿನಲ್ಲಿ, ಮುತ್ತಿನ ಸರ ಹಾಕಿಕೊಂಡು, ಒಬ್ಬ ಅಜ್ಜಿ. ಬೆನ್ನು ಹಾಸಿಗೆಯಿಂದ ಒಂದು ಗೇಣು ಮೇಲೆ. ಮೇಲೆ ನಮ್ಮ ತೋಳು. ನನ್ನ ಹತ್ತಿರ ಇಪ್ಪತ್ತು ಜನರ ದನಿ ಸದಾ ಸಿದ್ಧವಿರುತ್ತದೆ, ಮೂರು ಭಾಷೆಯಲ್ಲಿ. ಒಂದೂ ಬರಲಿಲ್ಲ.

“ಏಯ್, ಇಳಿಸ್ರೀ! ಕೆಳಗೆ ಇಳಿಸ್ರೀ!”

ಶುದ್ಧ ಮೈಸೂರು. ನರ್ಸಿಗೆ ಒಂದಕ್ಷರ ಅರ್ಥವಾಗಿರಲಾರದು, ಆದರೆ ನನ್ನ ಕೈ ಕೆಳಗೆ ಕೆಳಗೆ ಎಂದು ಬಡಿದುಕೊಳ್ಳುತ್ತಿತ್ತು. ಅವಳ ಹೆಬ್ಬೆರಳು ಗುಂಡಿ ಬದಲಿಸಿತು. ಯಂತ್ರ ತನ್ನದೇ ನಿಧಾನದಲ್ಲಿ ಗುಂಯ್‌ಗುಟ್ಟುತ್ತಾ ಇಳಿಸಿತು. ಅಜ್ಜಿಯ ಬೆನ್ನು ಹಾಸಿಗೆ ಮುಟ್ಟಿತು. ಪಟ್ಟಿಗಳು ಸಡಿಲಾದವು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

“ಯಾರಿದು?” ಅಜ್ಜಿ ನರ್ಸನ್ನು ಕೇಳಿದರು. “ನನ್ನ ಮೊಮ್ಮಗಳ ಗೆಳೆಯನಾ?”

ವಿಮ್ ಏದುಸಿರು ಬಿಡುತ್ತಾ ಪೆಟ್ಟಿಗೆಯೊಂದಿಗೆ ಬಂದರು. ಮೊದಲು ಅಜ್ಜಿಗೆ ಕೈಕೊಟ್ಟು ಅಭಿನಂದಿಸಿದರು, ಆಮೇಲೆ ನರ್ಸಿಗೆ, ಆಮೇಲೆ ವಿಷಯ ಹೇಳಿದರು. ಜೋಲಿ ಬಿಚ್ಚಿ, ಲಿಫ್ಟನ್ನು ಕಿಟಕಿಯ ಕಡೆ ತಳ್ಳಿ, ಪರದೆ ಎಳೆದೆವು. ಅಷ್ಟರಲ್ಲಿ ಕೆಳಗಿನ ನೆಂಟರಲ್ಲಿ ಕೆಲವರು ಏನಾಯಿತೆಂದು ನೋಡಲು ಬಂದು ಬಾಗಿಲಲ್ಲಿ ಗುಂಪುಗೂಡಿದ್ದರು.

ವಿಮ್ ಬ್ರಶ್ ನನ್ನ ಕೈಗೆ ಕೊಟ್ಟರು. ಕೊಕ್ಕೆಯ ಬಳಿ ಬಣ್ಣವಿಲ್ಲದ ಬರಿ ಉಕ್ಕನ್ನು ಉಜ್ಜಿದೆ. ಬೇಕಾದ್ದಕ್ಕಿಂತ ಹೆಚ್ಚೇ ಉಜ್ಜಿದೆ. “ಸಾಕು,” ಎಂದರು. ಅಯಸ್ಕಾಂತ ಕೂರಿಸಿದರು, ಎರಚಿದರು, ನೇರಳೆ ಟಾರ್ಚು ಹಚ್ಚಿದರು.

ಕತ್ತಲಲ್ಲಿ ಎಲ್ಲರ ಬಿಳಿ ಕಾಲರುಗಳು ಹೊಳೆದವು. ತೋಳಿನ ಮೇಲೆ ಮೊದಲು ಏನೂ ಇರಲಿಲ್ಲ. ಆ ಕ್ಷಣದಲ್ಲಿ ನಾನು ಬಿಡುಗಡೆಯ ಉಸಿರು ಒಂದನ್ನು ಅರ್ಧ ಬಿಟ್ಟಿದ್ದೆ. ಬಿರುಕಿಗೆ ಅಡ್ಡಲಾಗಿ ಹಿಡಿದರೆ ಮಾತ್ರ ಪುಡಿ ಕೂರುತ್ತದೆ; ವಿಮ್ ಅಯಸ್ಕಾಂತವನ್ನು ಅಡ್ಡಕ್ಕೆ ತಿರುಗಿಸಿ ಮತ್ತೆ ಎರಚಿದರು. ಕೊಕ್ಕೆ ಬಾಗುವ ಕಡೆ ಪುಡಿ ಸರಿದಾಡಿತು, ಸಾಲುಗೂಡಿತು, ನಿಂತಿತು. ಹಸಿರು ಗೆರೆ. ಹೆಬ್ಬೆರಳಿನ ಉಗುರಿನಷ್ಟು ಉದ್ದ, ಕೂದಲಿನಷ್ಟು ಸಣ್ಣ, ಒಂದು ಕಡೆ ಚೂರು ಡೊಂಕು.

ವಿಮ್ ಟಾರ್ಚನ್ನು ಗೆರೆಯ ಮೇಲೇ ಹಿಡಿದರು.

“ನನಗೆ ಕಾಣ್ತಿಲ್ಲ, ಈ ಕಡೆ ತಿರುಗಿಸಿ,” ಎಂದರು ಮೆವ್ರೌ ಕೋರಿ. ನಾವು ಲಿಫ್ಟನ್ನು ಹಾಸಿಗೆಯ ಹತ್ತಿರ ತಂದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಇದು ಮುರೀತಿತ್ತಾ?”

“ಇವತ್ತಲ್ಲದೆ ಇರಬಹುದು,” ಎಂದರು ವಿಮ್. “ಆದರೆ ಮುರೀತಿತ್ತು.”

“ಇದನ್ನ ಯಾರೂ ನೋಡಲ್ವಾ, ಕಳಿಸೋ ಮೊದಲು?”

“ನೋಡ್ತೀವಿ.”

“ಹಾಗಾದ್ರೆ ಯಾರು ನೋಡಿದ್ದು ಇದನ್ನ?”

ಬಾಗಿಲಲ್ಲಿ ನಿಂತ ನೆಂಟರೆಲ್ಲ ವಿಮ್ ಕಡೆ ನೋಡಿದರು, ಹಿರಿಯರಲ್ಲವೇ. ವಿಮ್ ಟಾರ್ಚು ಆರಿಸಿ ಪೆಟ್ಟಿಗೆಯಲ್ಲಿಡುವುದರಲ್ಲಿ ಮಗ್ನರಾದರು. ಅವರು ಬೇಕೆಂದೇ ಹಾಗೆ ಮಾಡಿದರೆಂದು ನನಗೆ ಗೊತ್ತಿತ್ತು.

“ನಾನು,” ಎಂದೆ. “ಒಂದು ಸಲ ಉಜ್ಜಿ ನೋಡಬೇಕಿತ್ತು. ಜನರನ್ನ ನಗಿಸ್ತಾ ಇದ್ದೆ, ಉಜ್ಜಲಿಲ್ಲ.”

ನರ್ಸು ಪರದೆ ಸರಿಸಿದಳು. ಬೆಳಕು ಬಂತು. ಅಜ್ಜಿ ತೋಳನ್ನು ನೋಡಿದಷ್ಟೇ ಹೊತ್ತು ನನ್ನನ್ನೂ ನೋಡಿದರು. ಅವರ ಮಗಳಿರಬೇಕು, ಗುಂಪಿನಿಂದ ಒಬ್ಬರು ಏನೋ ಗಟ್ಟಿಯಾಗಿ ಹೇಳಲು ಬಾಯಿ ತೆರೆದರು. ಅಜ್ಜಿ ಕೈ ಎತ್ತಿ ತಡೆದರು.

“ಬೇರೆ ಲಿಫ್ಟ್ ಇದೆಯಾ ಇಲ್ಲಿ?”

“ನಮ್ಮಲ್ಲಿ ಇರೋದು ಇದೊಂದೇ, ಮೆವ್ರೌ,” ಎಂದಳು ನರ್ಸು. “ನಾಳೆ ತರಿಸ್ತೀವಿ.”

“ಅಂದ್ರೆ ನಾನು ಕೆಳಗೆ ಹೋಗೋ ಹಾಗಿಲ್ಲ.” ಮುತ್ತಿನ ಸರ ಸರಿ ಮಾಡಿಕೊಂಡರು. “ಕೆಳಗೆ ಎಷ್ಟು ಕುರ್ಚಿ ಹಾಕಿದೀರಿ?”

“ಹದಿನಾರು.”

“ನೀನು,” ನನ್ನ ಕಡೆ ಬೆರಳು ತೋರಿಸಿದರು, “ಹದಿನಾರನ್ನೂ ಇಲ್ಲಿಗೆ ತಗೊಂಡು ಬಾ. ಹಾಸಿಗೆ ಸುತ್ತ ದುಂಡಗೆ ಹಾಕು. ನಗಿಸೋದಿದ್ದರೆ ಆಮೇಲೆ.”

ಎರಡು ಮಹಡಿ ಇಳಿದೆ. ಕುರ್ಚಿಗಳು ಮರದವು, ಭಾರ. ಒಮ್ಮೆಗೆ ಎರಡು ಮಾತ್ರ ಹೊರಲು ಆಗುತ್ತಿತ್ತು. ಮೊದಲೆರಡು ಹೊತ್ತು ತಂದಾಗ ವಿಮ್ ಬಾಗಿಲು ಹಿಡಿದು ನಿಂತಿದ್ದರು. ನಾನು ಕುರ್ಚಿ ಇಟ್ಟೆ. ಅವರು ಹಿಂದಿನ ಕಾಲು ಅಲುಗಾಡುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿದರು. ನಾನೂ ಬಗ್ಗಿ ಇನ್ನೊಂದನ್ನು ಒತ್ತಿ ನೋಡಿದೆ, ನಾಲ್ಕೂ ಕಾಲು, ಒಂದೊಂದಾಗಿ. ಆಮೇಲೆ ಉಳಿದ ಹದಿನಾಲ್ಕಕ್ಕೆ ಇಳಿದೆ.